ಕೆರೆ ದಡದ ನಗರದ ಹೊಣೆ ಹೊತ್ತ ಬೇಗಂ

ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದ ಹೆಸರನ್ನು ಕೇಳದವರು ನಮ್ಮಲ್ಲಿ ವಿರಳ. ಆದರೆ 1920ರಲ್ಲಿ ಅದು ವಿಶ್ವವಿದ್ಯಾಲಯವಾದಾಗ ಅದರ ಪ್ರಥಮ ಕುಲಾಧಿಪತಿಯಾದವರು ಓರ್ವ ಮಹಿಳೆ ಎಂಬುದು ನಿಮಗೆ ಗೊತ್ತೇ? ಅವರೇ ಭೋಪಾಲ್ ಸಂಸ್ಥಾನದ ನವಾಬ್ ಸುಲ್ತಾನ್ ಜಹಾನ್ ಬೇಗಂ. ಅವರ ವಿದ್ಯಾಸೇವೆಯನ್ನು ಬಲ್ಲವರೂ ಅವರು ತಮ್ಮ ಊರಿನ ನಲ್ಲಿ, ಚರಂಡಿ, ಆಸ್ಪತ್ರೆಗಳಿಗಾಗಿ ದುಡಿದದ್ದನ್ನು ಅಷ್ಟಾಗಿ ಬಲ್ಲವರಲ್ಲ. ಈ ಲೇಖನ ಹೆಚ್ಚಾಗಿ ಅದರ ಕುರಿತೇ ಇದೆ.

ಬೇಗಂ ಜನಿಸಿದ್ದು 1858ರಲ್ಲಿ, ಭೋಪಾಲಿನಲ್ಲಿ. 1819ರಿಂದ 1926ರವರೆಗೆ, ನಡುವಿನ ಕೆಲವು ವರ್ಷಗಳನ್ನು ಬಿಟ್ಟರೆ, ಈ ಸಂಸ್ಥಾನವನ್ನು ಆಳಿದವರು ನಾಲ್ವರು ಮಹಿಳೆಯರು. ಮುತ್ತಜ್ಜಿ ಖುದ್ಸಿಯಾ ಬೇಗಂ, ಅಜ್ಜಿ ಸಿಕಂದರ್ ಬೇಗಂ, ತಾಯಿ ಶಾಹಜಹಾನ್ ಬೇಗಂ, ಕೊನೆಯವರು ಇವರು. ಬಾಲ್ಯದಲ್ಲಿ ಅಜ್ಜಿಯ ಕಣ್ಗಾವಲಿನಲ್ಲಿ ಕುರ್‌ಆನ್, ಪರ್ಶಿಯನ್, ಇಂಗ್ಲಿಷ್ ಕಲಿತರು. ಆದರೆ ಮುಂದೆ ತಾಯಿ-ಮಗಳ ನಡುವೆ ಮನಸ್ತಾಪ ಬೆಳೆದು, ಒಂದೇ ಊರಿನಲ್ಲಿದ್ದೂ ವರ್ಷಾನುಗಟ್ಟಲೆ ದೂರವಿರಬೇಕಾಯಿತು. 1901ರಲ್ಲಿ ತಾಯಿ ತೀರಿಕೊಂಡು ಅಧಿಕಾರ ಕೈಗೆ ಬಂತು. ಕೆಲವೇ ತಿಂಗಳಲ್ಲಿ, 1902ರಲ್ಲಿ, ಪತಿಯೂ ಅಗಲಿದರು. ದುಃಖದ ಆ ದಿನಗಳಲ್ಲಿ ಅವರು ಅರಮನೆಯೊಳಗೆ ಕೂರಲಿಲ್ಲ. ಸಂಸ್ಥಾನದ ಹಳ್ಳಿಗಳಿಗೆ ಪ್ರವಾಸ ಹೊರಟು ಪ್ರಜೆಗಳ ಅಹವಾಲು ಕೇಳಿದರು.

ಭೋಪಾಲ್ ಅಂದು ಒಂದು ಲಕ್ಷ ಜನಸಂಖ್ಯೆಯೂ ಇಲ್ಲದ ಪುಟ್ಟ ನಗರ. ರಾಜಾ ಭೋಜ ಕಟ್ಟಿಸಿದನೆಂದು ಹೇಳಲಾಗುವ ದೊಡ್ಡ ಕೆರೆಯೂ 1794ರಲ್ಲಿ ನಿರ್ಮಾಣವಾದ ಚಿಕ್ಕ ಕೆರೆಯೂ ಅದರ ಆಸ್ತಿ. ಕೆರೆಯ ದಡದ ಊರಿಗೆ ನೀರಿನ ಚಿಂತೆ ಏಕೆ ಎಂದು ನೀವು ಕೇಳಬಹುದು. ನೀರು ಕಣ್ಣೆದುರಿಗಿದ್ದರೆ ಸಾಲದು, ಮನೆಗೆ ತಲುಪಬೇಕು. ಊರಿನ ಕೊಳೆ ಹರಿಯುವುದೂ ತಗ್ಗಿನತ್ತಲೇ, ಅಂದರೆ ಕೆರೆಯತ್ತಲೇ. ಚರಂಡಿ ಸರಿಯಿಲ್ಲದಿದ್ದರೆ ಕುಡಿಯುವ ನೀರೇ ರೋಗದ ಮೂಲವಾಗುತ್ತದೆ.

ಮೊದಲನೆಯ ಸಮಸ್ಯೆಗೆ ಪರಿಹಾರ ಹುಡುಕಿದವರು ಖುದ್ಸಿಯಾ ಬೇಗಂ. ಅವರು ಕೊಳವೆಗಳ ಮೂಲಕ ಊರಿಗೆ ನೀರು ತರಿಸಿ, ಜನರಿಗೆ ಅದು ಉಚಿತವಾಗಿ ಸಿಗುವಂತೆ ಮಾಡಿದರು. ಬಾಯಾರಿದವರಿಗೆ ನೀರುಣಿಸುವುದು ಇಸ್ಲಾಮಿನಲ್ಲಿ ಶ್ರೇಷ್ಠ ದಾನ. ಬೇಗಂ ಆ ದಾನಕ್ಕೆ ಕೊಳವೆಯ ರೂಪ ಕೊಟ್ಟರು.

ಮರಿಮಗಳು ಈ ಪರಂಪರೆಯನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ದರು. 1896ರಲ್ಲಿ ಮುಂಬೈಯಲ್ಲಿ ಕಾಣಿಸಿಕೊಂಡ ಪ್ಲೇಗ್ ಆಗ ದೇಶವನ್ನೇ ನಡುಗಿಸಿತ್ತು. ಸಿಡುಬು, ಕಾಲರಾಗಳ ಕಾಟವೂ ಇತ್ತು. ಬೇಗಂ ನೀರು ಸರಬರಾಜನ್ನು ಉತ್ತಮಪಡಿಸಿದರು, ನೈರ್ಮಲ್ಯಕ್ಕೆ ಒತ್ತು ಕೊಟ್ಟರು, ಲಸಿಕೆಯನ್ನು ವ್ಯಾಪಕವಾಗಿ ಹಾಕಿಸಿದರು. ಹೆರಿಗೆ ಮಾಡಿಸುವ ದಾಯಿಯರಿಗೆ ತರಬೇತಿ ನೀಡುವ ಕೆಲಸ ಮುಂದುವರಿಸಿದರು. ಆದರೆ ಆಜ್ಞೆ ಹೊರಡಿಸಿದ ಮಾತ್ರಕ್ಕೆ ಜನರು ಲಸಿಕೆಗೆ ತೋಳು ಚಾಚುವುದಿಲ್ಲ. ಆದ್ದರಿಂದ ಅವರು ಸ್ವತಃ ಲೇಖನಿ ಹಿಡಿದು ಆರೋಗ್ಯ, ಮಕ್ಕಳ ಪಾಲನೆ, ರೋಗಿಗಳ ಶುಶ್ರೂಷೆಯ ಕುರಿತು ಉರ್ದುವಿನಲ್ಲಿ ಪುಸ್ತಕಗಳನ್ನು ಬರೆದರು. ಶುಚಿತ್ವದ ಅರಿವು ಬೀದಿಗೆ ಬರುವ ಮೊದಲು ಮನೆಯೊಳಗಿನ ಹೆಣ್ಣುಮಕ್ಕಳಿಗೆ ಬರಬೇಕೆಂಬುದು ಇದರ ಹಿಂದಿನ ಅರ್ಥ.

ಹೆಣ್ಣುಮಕ್ಕಳಿಗಾಗಿ ಸುಲ್ತಾನಿಯಾ ಶಾಲೆ ತೆರೆದರು. 1918ರಲ್ಲಿ ಉಚಿತ ಮತ್ತು ಕಡ್ಡಾಯ ಪ್ರಾಥಮಿಕ ಶಿಕ್ಷಣ ಜಾರಿಗೊಳಿಸಿದರು. 1914ರಲ್ಲಿ ಅಲಿಗಢದ ಬಾಲಕಿಯರ ಶಾಲೆಯ ವಸತಿನಿಲಯವನ್ನು ಉದ್ಘಾಟಿಸಿದರು. ಮೌಲಾನಾ ಶಿಬ್ಲಿ ನುಅ್‌ಮಾನಿಯವರ ಪ್ರವಾದಿ ಚರಿತ್ರೆಗೂ ಅವರ ನೆರವು ದೊರೆಯಿತು.

ಇಷ್ಟೆಲ್ಲ ಮಾಡಿದ ರಾಣಿ ಕೊನೆಗೆ ಅಧಿಕಾರವನ್ನೇ ಹಂಚಿದರು. 1922ರಲ್ಲಿ ಕಾರ್ಯಾಂಗ ಹಾಗೂ ಶಾಸಕಾಂಗ ಮಂಡಳಿಯನ್ನು ರಚಿಸಿದರು. ಪುರಸಭೆಗಳಿಗೆ ಚುನಾವಣೆಯ ಪದ್ಧತಿ ತಂದರು. ಓದುಗರೇ, ಇಲ್ಲಿ ಒಂದು ಕ್ಷಣ ನಿಂತು ಯೋಚಿಸಿ. ಮುತ್ತಜ್ಜಿಯ ಕಾಲದಲ್ಲಿ ನೀರು ಅರಮನೆಯ ದಾನವಾಗಿತ್ತು. ದಾನಿ ಒಳ್ಳೆಯವರಾಗಿದ್ದರೆ ನೀರು ಬರುತ್ತದೆ, ಇಲ್ಲದಿದ್ದರೆ ಇಲ್ಲ. ಚುನಾಯಿತ ಸಭೆಯಿದ್ದರೆ ನಲ್ಲಿ ನಿಂತಾಗ ಕೇಳುವ ಹಕ್ಕು ಜನರಿಗೆ, ಉತ್ತರಿಸುವ ಹೊಣೆ ಸದಸ್ಯರಿಗೆ. ತೆರಿಗೆ ಕೊಡುವ ಕರ್ತವ್ಯವೂ ಜನರದ್ದೇ.

1924ರಲ್ಲಿ ಅವರು ಇಬ್ಬರು ಹಿರಿಯ ಪುತ್ರರನ್ನು ಕಳೆದುಕೊಂಡರು. ಕಿರಿಯ ಮಗ, ಅಲಿಗಢದಲ್ಲಿ ಓದಿದ ಹಮೀದುಲ್ಲಾ ಖಾನರ ಉತ್ತರಾಧಿಕಾರಕ್ಕಾಗಿ ಇಂಗ್ಲೆಂಡಿಗೆ ಹೋಗಿ ವಾದಿಸಿ, 1926ರಲ್ಲಿ ಸ್ವಇಚ್ಛೆಯಿಂದ ಗದ್ದುಗೆ ಬಿಟ್ಟುಕೊಟ್ಟರು. 1928ರಲ್ಲಿ ಅಖಿಲ ಭಾರತ ಮಹಿಳಾ ಸಮ್ಮೇಳನದ ಅಧ್ಯಕ್ಷತೆ ವಹಿಸಿದರು. 1930ರ ಮೇ ತಿಂಗಳಲ್ಲಿ ನಿಧನರಾಗುವವರೆಗೂ ಅಲಿಗಢದ ಕುಲಾಧಿಪತಿಯಾಗಿದ್ದರು.

ವಿದ್ಯಾರ್ಥಿ ಮಿತ್ರರೇ, ಸಂವಿಧಾನದ 74ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದು, ನಗರಸಭೆ-ಪುರಸಭೆಗಳಲ್ಲಿ ಕನಿಷ್ಠ ಮೂರನೇ ಒಂದರಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾದವು. ನಮ್ಮ ಮೊಹಲ್ಲಾಗಳಲ್ಲಿ ಚರಂಡಿ ಉಕ್ಕಿದಾಗ ಬೈಯುವವರು ಬಹಳ, ವಾರ್ಡಿನ ಸದಸ್ಯರಿಗೆ ಒಂದು ಅರ್ಜಿ ಬರೆಯುವವರು ಕಡಿಮೆ. ಪದವಿ ಪಡೆದ ನೀವು ಆ ಅರ್ಜಿ ಬರೆಯಿರಿ. ಲಸಿಕೆಗೆ ಹಿಂಜರಿಯುವ ನೆರೆಮನೆಯವರಿಗೆ ತಿಳಿಹೇಳಿ. ನಿಮ್ಮ ಅಕ್ಕತಂಗಿಯರು ಪುರಸಭೆಗೆ ಸ್ಪರ್ಧಿಸಬಯಸಿದರೆ ಅಡ್ಡಿಯಾಗದೆ ಜೊತೆ ನಿಲ್ಲಿ. ಊರು ನಮಗೆ ಒಪ್ಪಿಸಲಾದ ಅಮಾನತ್. ಬೇಗಂರ ಬದುಕು ಕಲಿಸುವ ಪಾಠ ಇದೇ.