ಬೀಥೋವನನ ಮಾತಿನ ಪುಸ್ತಕಗಳು

ಬೀಥೋವನ್ ಕಿವುಡನಾಗಿದ್ದನೆಂಬುದು ಪಾಶ್ಚಾತ್ಯ ಸಂಗೀತದ ಗಂಧವಿಲ್ಲದವರಿಗೂ ತಿಳಿದ ಸಂಗತಿ. ಆದರೆ ಆ ಕಿವುಡು ಒಂದೇ ದಿನದಲ್ಲಿ ಬಂದೆರಗಿದುದಲ್ಲ. ಸುಮಾರು ಇಪ್ಪತ್ತು ವರ್ಷಗಳ ಕಾಲ ಅವನನ್ನು ಆಸೆ ನಿರಾಸೆಗಳ ನಡುವೆ ತೂಗಾಡಿಸಿತು. ಅವನ ಚರಿತ್ರೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಆ ಇಪ್ಪತ್ತು ವರ್ಷಗಳೇ.

1770ರಲ್ಲಿ ಬಾನ್ ನಗರದಲ್ಲಿ ಹುಟ್ಟಿದ ಆತ 1792ರಲ್ಲಿ ವಿಯೆನ್ನಾ ಸೇರಿ, ಪಿಯಾನೋ ವಾದಕನೆಂದು ಶ್ರೀಮಂತರ ಮನೆಗಳಲ್ಲಿ ಮನ್ನಣೆ ಪಡೆದ. ಮೂವತ್ತು ತುಂಬುವ ಮೊದಲೇ ಕಿವಿಯಲ್ಲಿ ಹಗಲಿರುಳೂ ಮೊರೆತ ತೊಡಗಿತು. 1801ರಲ್ಲಿ ಗೆಳೆಯ ವೆಗೆಲರನಿಗೆ ಬರೆದ ಕಾಗದದಲ್ಲಿ ಗುಟ್ಟನ್ನು ಬಿಚ್ಚಿಟ್ಟ: ನಾಟಕಶಾಲೆಯಲ್ಲಿ ವಾದ್ಯಗಾರರಿಗೆ ತೀರ ಸಮೀಪದಲ್ಲಿ ಕೂರಬೇಕು, ತುಸು ದೂರವಾದರೆ ಮೇಲಿನ ಸ್ವರಗಳು ಕೇಳಿಸವು. ಮೆಲುದನಿಯ ಸದ್ದು ಕೇಳಿಸುತ್ತದೆ, ಮಾತು ತಿಳಿಯುವುದಿಲ್ಲ, ಕೂಗಿದರೋ ಸಹಿಸಲಾಗದು. ಬೇರೆ ಕಸುಬಿನವನಾಗಿದ್ದರೆ ಹೇಳಿಕೊಳ್ಳಬಹುದಿತ್ತು, ಸಂಗೀತಗಾರ ಹೇಳಿಕೊಳ್ಳುವುದೆಂತು?

ನನ್ನ ಕಿವಿಯೂ ಮಂದವಾಗಿ ಕೆಲವು ವರ್ಷಗಳಾದುವು. ಶ್ರವಣಯಂತ್ರ ತೊಟ್ಟ ಮೊದಲ ದಿನಗಳಲ್ಲಿ ಕುರ್ಚಿ ಎಳೆದ ಸದ್ದೂ ಮನೆಯವರ ಮಾತೂ ಒಂದೇ ಗದ್ದಲವಾಗಿ ನುಗ್ಗಿ, ಬೇಕಾದುದನ್ನು ಹೆಕ್ಕಿಕೊಳ್ಳಲು ಮಗುವಿನಂತೆ ಕಲಿಯಬೇಕಾಯಿತು. ಅದರಿಂದಲೇ ಇರಬೇಕು, ಆ ಕಾಗದ ನನಗೆ ಪರಿಚಿತವೆನಿಸಿತು.

1802ರ ಅಕ್ಟೋಬರಿನಲ್ಲಿ ಹೈಲಿಗೆನ್‌ಷ್ಟಾಟ್ ಹಳ್ಳಿಯಲ್ಲಿದ್ದು ತಮ್ಮಂದಿರಿಗೆಂದು ಒಂದು ಪತ್ರ ಬರೆದ. ಪ್ರಾಣ ಕಳೆದುಕೊಳ್ಳುವ ಯೋಚನೆ ಬಂದುದನ್ನೂ ಕಲೆಯೊಂದೇ ತನ್ನನ್ನು ತಡೆದುದನ್ನೂ ಅದರಲ್ಲಿ ಹೇಳಿಕೊಂಡಿದ್ದಾನೆ. ತಾನು ಸತ್ತ ಬಳಿಕ ವೈದ್ಯರು ತನ್ನ ರೋಗವನ್ನು ವಿವರಿಸಲಿ ಎಂಬ ಕೋರಿಕೆಯೂ ಇದೆ. 2023ರಲ್ಲಿ ವಿಜ್ಞಾನಿಗಳು ಅವನ ಕೂದಲನ್ನು ಪರೀಕ್ಷಿಸಿದಾಗ ಯಕೃತ್ತಿನ ರೋಗದ ಸುಳಿವು ದೊರೆಯಿತು. ಕಿವುಡಿನ ಕಾರಣ ದೊರೆಯಲಿಲ್ಲ. ಪತ್ರವನ್ನು ಅವನು ಯಾರಿಗೂ ಕಳುಹಿಸಲಿಲ್ಲ. 1827ರಲ್ಲಿ ಅವನು ತೀರಿಕೊಂಡ ಮೇಲೆ ಅದು ಹೊರಬಿತ್ತು.

ಮೆಲ್ಟ್ಸೆಲ್ ಎಂಬ ಯಂತ್ರಕುಶಲಿ ಅವನಿಗಾಗಿ ಲೋಹದ ಕಿವಿಗಹಳೆಗಳನ್ನು ಮಾಡಿಕೊಟ್ಟ. ಅವು ಸದ್ದನ್ನು ಹಿರಿದಾಗಿಸುತ್ತಿದ್ದವೇ ಹೊರತು ಹೋದ ಸ್ವರಗಳನ್ನು ಮರಳಿ ತರಲಾರವು. 1818ರಿಂದ ಮಾತು ಕಾಗದಕ್ಕಿಳಿಯಿತು. ಬಂದವರು ಪುಟ್ಟ ಪುಸ್ತಕದಲ್ಲಿ ಬರೆಯುವುದು, ಅವನು ಓದಿ ಬಾಯಲ್ಲಿ ಉತ್ತರಿಸುವುದು. ಸಂಗೀತವನ್ನಂತೂ ಅವನು ಒಳಗಿವಿಯಿಂದಲೇ ಕೇಳುತ್ತಿದ್ದ. ಇದನ್ನು ಪವಾಡವೆಂದು ಕೊಂಡಾಡುವವರಿದ್ದಾರೆ. ಯೌವನದಿಂದ ಹಾಳೆ ಹಾಳೆ ಬರೆದು, ಹೊಡೆದು, ತಿದ್ದಿದ ಅಭ್ಯಾಸದ ಫಲವೆಂದೇ ನಾನು ಎಣಿಸುತ್ತೇನೆ. ಒಂಬತ್ತನೆಯ ಸಿಂಫನಿ ಅದರ ಬೆಳೆ. 1824ರ ಮೇ 7ರಂದು ಅದು ಮೊದಲು ನುಡಿದಾಗ ಅವನು ವೇದಿಕೆಯಲ್ಲಿ ನಿಂತು ಕಾಲಗತಿ ತೋರುತ್ತಿದ್ದ. ವಾದ್ಯಗಾರರು ನೋಡುತ್ತಿದ್ದುದು ಉಮ್ಲೌಫನ ಕೈಯನ್ನು. ಸಭೆಯ ಕರತಾಡನ ಅವನಿಗೆ ತಿಳಿಯದಿರಲು, ಗಾಯಕಿ ಕರೋಲಿನ್ ಉಂಗರ್ ಅವನನ್ನು ಜನರತ್ತ ತಿರುಗಿಸಿದಳೆಂದು ಕಂಡವರು ಹೇಳಿದ್ದಾರೆ.

ಆ ಪುಟ್ಟ ಪುಸ್ತಕಗಳಲ್ಲಿ ಸುಮಾರು 140 ಇಂದಿಗೂ ಉಳಿದಿವೆ. ಅವುಗಳಲ್ಲಿ ಮನೆಗೆಲಸದವರ ಚಿಂತೆಯಿದೆ, ಸೋದರನ ಮಗ ಕಾರ್ಲನ ವಿಷಯವಿದೆ, ಕಚೇರಿಯ ಲೆಕ್ಕವಿದೆ. ಆಪ್ತನಾದ ಷಿಂಡ್ಲರ್ ತನ್ನ ಹಿರಿಮೆಗಾಗಿ ಆಮೇಲೆ ಸೇರಿಸಿದ ಸುಳ್ಳು ಸಾಲುಗಳೂ ಇವೆ. ಅವು ಬಯಲಾದದ್ದು 1970ರ ದಶಕದಲ್ಲಿ. ಸ್ವತಃ ಬರೆದುಕೊಂಡ ಕೆಲವು ಟಿಪ್ಪಣಿಗಳ ಹೊರತು ಬೀಥೋವನನ ಉತ್ತರಗಳು ಮಾತ್ರ ಇಲ್ಲ. ಪುಟ ತಿರುವಿದಂತೆ ಒಂದು ಪ್ರಶ್ನೆಯ ಕೆಳಗೆ ಇನ್ನೊಂದು ಪ್ರಶ್ನೆ. ಅವೆರಡರ ನಡುವೆ ಅವನು ಆಡಿದ ಮಾತು ನಮಗೆ ಕೇಳಿಸದು.