ಪ್ರೊ. ಪ್ರಶಾಂತಚಂದ್ರ ಮಹಲನೋಬಿಸ್ (1893–1972): ಜೀವನ ಪರಿಚಯ

ಮೈಸೂರು ರಸ್ತೆಯಲ್ಲಿ ಕೆಂಗೇರಿಯ ಕಡೆಗೆ ಸಾಗುವ ಸಾರ್ವಜನಿಕರು ಎಂಟನೇ ಮೈಲಿಯ ಬಳಿ ಭಾರತೀಯ ಸಾಂಖ್ಯಿಕ ಸಂಸ್ಥೆಯ ಬೆಂಗಳೂರು ಕೇಂದ್ರವನ್ನು ಕಂಡಿರಬಹುದು. ಈ ಸಂಸ್ಥೆಯನ್ನು 1931ರಲ್ಲಿ ಕಲ್ಕತ್ತೆಯಲ್ಲಿ ಸ್ಥಾಪಿಸಿದವರು ಪ್ರೊ. ಪ್ರಶಾಂತಚಂದ್ರ ಮಹಲನೋಬಿಸ್‌ರವರು. ಅವರ ಜನ್ಮದಿನವಾದ ಜೂನ್ 29ನ್ನು 2007ರಿಂದ ರಾಷ್ಟ್ರೀಯ ಸಾಂಖ್ಯಿಕ ದಿನವನ್ನಾಗಿ ಆಚರಿಸಲಾಗುತ್ತಿದೆ.

ಕಲ್ಕತ್ತೆಯಲ್ಲಿ ಜನಿಸಿದ ಶ್ರೀಯುತರು ವ್ಯಾಸಂಗ ಮಾಡಿದ್ದು ಭೌತಶಾಸ್ತ್ರವನ್ನು. ಕೇಂಬ್ರಿಡ್ಜ್‌ನಿಂದ 1915ರಲ್ಲಿ ಸ್ವದೇಶಕ್ಕೆ ಮರಳುವಾಗ ‘ಬಯೋಮೆಟ್ರಿಕಾ’ ಪತ್ರಿಕೆಯ ಸಂಪುಟಗಳನ್ನು ಕೊಂಡು, ಹಡಗಿನಲ್ಲಿಯೇ ಓದತೊಡಗಿದರು. ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತಶಾಸ್ತ್ರ ಬೋಧಿಸುತ್ತಲೇ ಅವರು ಸಂಖ್ಯಾಶಾಸ್ತ್ರಜ್ಞರಾದರು. ಕಲ್ಕತ್ತೆಯ ಆಂಗ್ಲೋ-ಇಂಡಿಯನ್ ಸಮುದಾಯದ ದೇಹದ ಅಳತೆಗಳ ಅಧ್ಯಯನದಿಂದ ಆರಂಭವಾದ ಚಿಂತನೆಯು 1936ರಲ್ಲಿ ‘ಮಹಲನೋಬಿಸ್ ದೂರ’ವೆಂಬ ಸೂತ್ರವಾಗಿ ರೂಪುಗೊಂಡಿತು. ಹಲವು ಅಳತೆಗಳನ್ನು ಒಟ್ಟಾಗಿ ಪರಿಗಣಿಸಿ ಎರಡು ಗುಂಪುಗಳು ಎಷ್ಟು ಭಿನ್ನವೆಂದು ತಿಳಿಸುವ ಈ ಸೂತ್ರವು ಇಂದಿಗೂ ಅನೇಕ ಶಾಸ್ತ್ರಗಳಲ್ಲಿ ಬಳಕೆಯಲ್ಲಿದೆ.

ಜನಸಾಮಾನ್ಯರ ದೃಷ್ಟಿಯಿಂದ ಇದಕ್ಕಿಂತ ಮಹತ್ವದ್ದು ಅವರ ಪ್ರವಾಹ ಅಧ್ಯಯನ. 1926ರಲ್ಲಿ ಒರಿಸ್ಸಾದ ಬ್ರಾಹ್ಮಣಿ ನದಿ ಉಕ್ಕಿ ಹರಿದಾಗ, ನದಿಪಾತ್ರವೇ ಮೇಲೇರಿದೆಯೆಂದು ಭಾವಿಸಿದ ಇಂಜಿನಿಯರುಗಳು ಒಡ್ಡುಗಳನ್ನು ಎತ್ತರಿಸಲು ಶಿಫಾರಸು ಮಾಡಿದ್ದರು. ಸುಮಾರು 60 ವರ್ಷಗಳ ದಾಖಲೆಗಳನ್ನು ಪರಿಶೀಲಿಸಿದ ಮಹಲನೋಬಿಸ್‌ರವರು, ನದಿಪಾತ್ರ ಏರಿಲ್ಲ, ಪ್ರವಾಹಕ್ಕೆ ಕಾರಣ ಮೇಲ್ಭಾಗದ ಅತಿವೃಷ್ಟಿ ಎಂದು ತೋರಿಸಿದರು. ಒಡ್ಡಿನ ಬದಲು ಮೇಲ್ಭಾಗದಲ್ಲಿ ಅಣೆಕಟ್ಟು ಕಟ್ಟುವುದು ಸೂಕ್ತವೆಂಬುದು ಅವರ ಸಲಹೆಯಾಗಿತ್ತು. ತಪ್ಪು ಲೆಕ್ಕದ ಮೇಲೆ ಒಡ್ಡು ಎತ್ತರಿಸಿದ್ದರೆ ಹಣ ವ್ಯರ್ಥವಾಗುತ್ತಿದ್ದುದಲ್ಲದೆ ದಡದ ಹಳ್ಳಿಗಳು ಅಪಾಯದಲ್ಲಿಯೇ ಉಳಿಯುತ್ತಿದ್ದವು.

ಬಂಗಾಳದ ಸೆಣಬಿನ ಬೆಳೆಯನ್ನು ಅಂದಾಜಿಸಲು ಅವರು ಮಾದರಿ ಸಮೀಕ್ಷೆಗಳನ್ನು ನಡೆಸಿದರು. ಒಂದೇ ಪ್ರದೇಶದ ಮಾಹಿತಿಯನ್ನು ಪರಸ್ಪರ ಸಂಪರ್ಕವಿಲ್ಲದ ಎರಡು ತಂಡಗಳಿಂದ ಸಂಗ್ರಹಿಸಿ ಹೋಲಿಸುವುದು ಅವರ ಕ್ರಮ. ಗಣತಿದಾರರ ತಪ್ಪುಗಳು ಇದರಿಂದ ಬೆಳಕಿಗೆ ಬರುತ್ತಿದ್ದವು. ಈ ಅನುಭವವೇ 1950ರಲ್ಲಿ ಆರಂಭವಾದ ರಾಷ್ಟ್ರೀಯ ಮಾದರಿ ಸಮೀಕ್ಷೆಗೆ ಆಧಾರವಾಯಿತು.

ಭಾರಿ ಕೈಗಾರಿಕೆಗೆ ಆದ್ಯತೆ ನೀಡಿದ ಎರಡನೇ ಪಂಚವಾರ್ಷಿಕ ಯೋಜನೆಯ (1956–61) ಕರಡು ಅವರದೇ. ಇದು ಟೀಕೆಗೂ ಒಳಗಾಯಿತು. ಅಂದಿನ ದಕ್ಷಿಣ ಕನ್ನಡ ಮೂಲದ ಅರ್ಥಶಾಸ್ತ್ರಜ್ಞ ಬಿ. ಆರ್. ಶೆಣೈರವರು 1955ರಲ್ಲಿಯೇ ಯೋಜನೆಯ ಗಾತ್ರ ಹಾಗೂ ಕೊರತೆ ಹಣಕಾಸಿನ ಬಗ್ಗೆ ಭಿನ್ನಮತ ದಾಖಲಿಸಿದ್ದರು.

ಕರ್ನಾಟಕದೊಂದಿಗೂ ಅವರ ಸಂಸ್ಥೆಗೆ ನಿಕಟ ನಂಟಿದೆ. ಹೂವಿನಹಡಗಲಿಯಲ್ಲಿ ಜನಿಸಿದ ಸಿ. ಆರ್. ರಾವ್‌ರವರು 1941ರಲ್ಲಿ ತರಬೇತಿಗಾಗಿ ಅಲ್ಲಿಗೆ ಸೇರಿ ವಿಶ್ವವಿಖ್ಯಾತರಾದರು. ಸಂಸ್ಥೆಯ ಅಂಗವಾಗಿ 1962ರಲ್ಲಿ ಡಾ. ಎಸ್. ಆರ್. ರಂಗನಾಥನ್‌ರವರು ಬೆಂಗಳೂರಿನಲ್ಲಿ ಆರಂಭಿಸಿದ ಡಾಕ್ಯುಮೆಂಟೇಶನ್ ಸಂಶೋಧನೆ ಮತ್ತು ತರಬೇತಿ ಕೇಂದ್ರವು ಇಂದು ಮೈಸೂರು ರಸ್ತೆಯ ಆವರಣದಲ್ಲಿದೆ.

1968ರಲ್ಲಿ ಪದ್ಮವಿಭೂಷಣ ಪುರಸ್ಕೃತರಾದ ಮಹಲನೋಬಿಸ್‌ರವರು 1972ರ ಜೂನ್ 28ರಂದು, ತಮ್ಮ 79ನೇ ಜನ್ಮದಿನಕ್ಕೆ ಒಂದು ದಿನ ಮೊದಲು, ನಿಧನರಾದರು.