ಬಡವರ ಔಷಧದ ಲೆಕ್ಕವನ್ನರಿತ ಡಾ॥ ಜೀವರಾಜ ಮೆಹತಾ

ಅಹಮದಾಬಾದಿನಲ್ಲಿರುವ ನಮ್ಮ ಕನ್ನಡ ಬಂಧುಗಳಲ್ಲಿ ಜೀವರಾಜ ಪಾರ್ಕ್ ಎಂಬ ಹೆಸರನ್ನು ಕೇಳದವರು ವಿರಳ. ಆ ಜೀವರಾಜರು ಯಾರೆಂದು ವಿಚಾರಿಸಿದರೆ, ಗುಜರಾತಿನ ಪ್ರಥಮ ಮುಖ್ಯಮಂತ್ರಿಗಳೆಂಬಷ್ಟಕ್ಕೆ ಉತ್ತರವು ಮುಗಿಯುತ್ತದೆ. ಬಡವನು ಬೇನೆ ಬಿದ್ದಾಗ ಚಿಕಿತ್ಸೆಯ ವೆಚ್ಚವನ್ನು ಯಾರು ಹೊರಬೇಕು ಎಂಬ ಪ್ರಶ್ನೆಯನ್ನು ವೈದ್ಯರಾಗಿಯೂ ಆಡಳಿತಗಾರರಾಗಿಯೂ ಎದುರಿಸಿದವರು ಅವರು. ಮಂಜಲ್‌ಪುರದಲ್ಲಾಗಲಿ ಸೂರತಿನಲ್ಲಾಗಲಿ ತಿಂಗಳ ಸಂಬಳವನ್ನೇ ನೆಚ್ಚಿರುವ ನಮ್ಮ ಓದುಗರು ಅವರ ಚರಿತ್ರೆಯನ್ನು ಅರಿಯುವುದು ಲೇಸೆಂದು ನಾವು ಭಾವಿಸಿದ್ದೇವೆ.

ಜೀವರಾಜ ನಾರಾಯಣ ಮೆಹತಾರವರು 1887ರ ಆಗಸ್ಟ್ 29ರಂದು, ಆಗ ಬರೋಡಾ ಸಂಸ್ಥಾನಕ್ಕೆ ಸೇರಿದ್ದ ಅಮರೇಲಿಯಲ್ಲಿ, ಬಡ ಕುಟುಂಬದಲ್ಲಿ ಜನಿಸಿದರು. ವಿದ್ಯಾರ್ಥಿವೇತನದ ಬಲದಿಂದ ಮುಂಬಯಿಯ ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಕಲಿತು, ಟಾಟಾ ನಿಧಿಯ ನೆರವಿನಿಂದ ಲಂಡನ್ನಿಗೆ ತೆರಳಿ 1914ರಲ್ಲಿ ಎಂ.ಡಿ. ಪದವಿಯನ್ನು ಪಡೆದರು. ಅದೇ ವರ್ಷ ಲಂಡನ್ನಿನಲ್ಲಿ ಗಾಂಧೀಜಿಯವರು ಶ್ವಾಸಕೋಶದ ಪೊರೆಯ ಊತದಿಂದ ಮಲಗಿದಾಗ ಅವರನ್ನು ಉಪಚರಿಸಿದವರಲ್ಲಿ ಇವರೂ ಒಬ್ಬರು. ಹಾಲು, ಧಾನ್ಯಗಳನ್ನು ಸೇವಿಸಬೇಕೆಂದು ಈ ತರುಣ ವೈದ್ಯರು ಎಷ್ಟು ಒತ್ತಾಯಿಸಿದರೂ ಗಾಂಧೀಜಿಯವರು ಮಣಿಯಲಿಲ್ಲ.

ಸ್ವದೇಶಕ್ಕೆ ಮರಳಿದ ಮೆಹತಾರವರು ಬರೋಡಾ ಸಂಸ್ಥಾನದ ಮುಖ್ಯ ವೈದ್ಯಾಧಿಕಾರಿಗಳಾಗಿ ಕೆಲಕಾಲ ಸೇವೆ ಸಲ್ಲಿಸಿದರು. ದಿವಾನ್ ಮನುಭಾಯಿ ಮೆಹತಾರವರ ಪುತ್ರಿ ಹಂಸಾರವರನ್ನು, ಜಾತಿಯ ಕಟ್ಟನ್ನು ಮೀರಿ, 1924ರಲ್ಲಿ ವಿವಾಹವಾದರು. ಮುಂದೆ ಬರೋಡಾ ವಿಶ್ವವಿದ್ಯಾಲಯದ ಪ್ರಥಮ ಕುಲಪತಿಗಳಾದವರು ಆ ಮಹಿಳೆಯೇ.

ಮೆಹತಾರವರ ದೊಡ್ಡ ಕಾರ್ಯವು ಮುಂಬಯಿಯ ಪರೇಲಿನಲ್ಲಿ ನಡೆಯಿತು. ಅಂದು ಸರಕಾರೀ ವೈದ್ಯಕೀಯ ಕಾಲೇಜುಗಳ ಹಿರಿಯ ಹುದ್ದೆಗಳು ಬಹುಮಟ್ಟಿಗೆ ಆಂಗ್ಲ ಅಧಿಕಾರಿಗಳ ಕೈಯಲ್ಲಿದ್ದವು. ಶೇಠ್ ಗೋರ್ಧನದಾಸ್ ಸುಂದರದಾಸರ ನಿಧಿಯ ಟ್ರಸ್ಟಿಗಳು, ಅಧ್ಯಾಪಕರೆಲ್ಲರೂ ಭಾರತೀಯರೇ ಆಗಿರತಕ್ಕದ್ದೆಂಬ ನಿಬಂಧನೆಯ ಮೇಲೆ ಕಾಲೇಜಿಗೆ ಹಣವಿತ್ತರು. ಅದರ ಮಗ್ಗುಲಲ್ಲೇ ಮುಂಬಯಿ ನಗರಸಭೆಯ ಕೆ.ಇ.ಎಂ. ಆಸ್ಪತ್ರೆಯು ಎದ್ದಿತು. 1926ರಲ್ಲಿ ತೆರೆದ ಈ ಜೋಡಿ ಸಂಸ್ಥೆಗೆ ಮೆಹತಾರವರೇ ಪ್ರಥಮ ಡೀನ್ ಆದರು.

ಈ ಜೋಡಣೆಯ ಮರ್ಮವನ್ನು ನಮ್ಮ ಹೋಟೆಲ್ ಬಂಧುಗಳು ಸುಲಭವಾಗಿ ಗ್ರಹಿಸಬಲ್ಲರು. ಒಬ್ಬನಿಗಾಗಿ ಒಲೆ ಹಚ್ಚಿದರೆ ಊಟ ದುಬಾರಿ. ನೂರು ಎಲೆಗೆ ಒಂದೇ ಹಂಡೆಯಲ್ಲಿ ಸಾರು ಕುದಿಸಿದರೆ ಎಲೆಯೊಂದರ ಖರ್ಚು ತಗ್ಗುತ್ತದೆ. ಕಾಲೇಜು, ಆಸ್ಪತ್ರೆಗಳು ಒಂದೇ ಆವರಣದಲ್ಲಿದ್ದುದರಿಂದ ಪಾಠ ಹೇಳುವ ತಜ್ಞರೇ ಗಿರಣಿ ಕಾರ್ಮಿಕನ ಹಾಸಿಗೆಯ ಬಳಿಗೂ ಬಂದರು; ಅಲ್ಲಿಯೇ ನಾಳಿನ ವೈದ್ಯರೂ ತಯಾರಾದರು. ರೋಗಿಗೆ ಅಗ್ಗವಾದ ಆ ಚಿಕಿತ್ಸೆಯು ಬಿಟ್ಟಿಯಲ್ಲ. ನಗರವಾಸಿಗಳೆಲ್ಲರ ತೆರಿಗೆಯೂ ದಾನಿಗಳ ಹಣವೂ ಅದರ ಹಿಂದಿದ್ದವು.

ಸ್ವಾತಂತ್ರ್ಯ ಹೋರಾಟದಲ್ಲಿ ಎರಡು ಬಾರಿ ಸೆರೆವಾಸ ಅನುಭವಿಸಿದ ಮೆಹತಾರವರು 1947ರಲ್ಲಿ ಕೇಂದ್ರದ ಆರೋಗ್ಯ ಸೇವೆಗಳ ಮಹಾ ನಿರ್ದೇಶಕರಾದರು. ಹಣವಿಲ್ಲವೆಂಬ ಕಾರಣದಿಂದ ಯಾರಿಗೂ ಚಿಕಿತ್ಸೆ ತಪ್ಪಬಾರದೆಂದು ಸಾರಿದ ಭೋರ್ ಸಮಿತಿಯ ವರದಿ ಹೊರಬಿದ್ದು ಆಗ ಒಂದು ವರ್ಷವಷ್ಟೇ ಆಗಿತ್ತು. 1948ರಲ್ಲಿ ಅವರು ಬರೋಡೆಯ ದಿವಾನರಾದರು. ಮರುವರ್ಷ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು; ಅದೇ ವರ್ಷ ಬರೋಡೆಯಲ್ಲಿಯೂ ವೈದ್ಯಕೀಯ ಕಾಲೇಜು ಆರಂಭವಾಯಿತು. ಮಂಜಲ್‌ಪುರದ ನಮ್ಮವರು ಕಾಯಿಲೆಗೆ ಆಶ್ರಯಿಸುವ ಸಯಾಜೀರಾವ್ ಆಸ್ಪತ್ರೆಯು ಆ ಕಾಲೇಜಿನ ಜೊತೆಗಾರ ಸಂಸ್ಥೆಯೇ. 1950ರ ದಶಕದಲ್ಲಿ ಮುಂಬಯಿ ರಾಜ್ಯದ ಅರ್ಥಸಚಿವರಾಗಿ, 1960ರ ಮೇ 1ರಿಂದ 1963ರವರೆಗೆ ಗುಜರಾತಿನ ಮುಖ್ಯಮಂತ್ರಿಗಳಾಗಿ, ಬಳಿಕ ಲಂಡನ್ನಿನಲ್ಲಿ ಭಾರತದ ಹೈಕಮಿಷನರಾಗಿ ದುಡಿದು, 1978ರ ನವೆಂಬರ್ 7ರಂದು ದಿವಂಗತರಾದರು.

ಭೋರ್ ಸಮಿತಿಯ ಆಶಯವಿನ್ನೂ ಪೂರ್ಣವಾಗಿ ಕೈಗೂಡಿಲ್ಲ. ಕೇಂದ್ರ ಸರಕಾರದ ಲೆಕ್ಕದಂತೆ ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನರು ಸ್ವಂತ ಕಿಸೆಯಿಂದ ತೆತ್ತ ಪಾಲು 2013–14ರಲ್ಲಿ ಶೇಕಡಾ 64.2 ಇದ್ದುದು 2021–22ರಲ್ಲಿ 39.4ಕ್ಕೆ ಇಳಿಯಿತು. ಇಳಿದರೂ ಆ ಹೊರೆ ಹಗುರವಲ್ಲ.

ನಾವು ಹೋಟೆಲ್ ನಡೆಸುತ್ತಿದ್ದ ಕಾಲದಲ್ಲಿ ಕಾರ್ಮಿಕ ವಿಮೆಯ ವಂತಿಗೆಯನ್ನು ದಂಡವೆಂದೇ ಎಣಿಸಿದ್ದೆವು. ನಮ್ಮ ಅಡಿಗೆಯವರೊಬ್ಬರು ಕಾಯಿಲೆಯಿಂದ ಮಲಗಿ, ಊರಿನ ಗದ್ದೆಯನ್ನು ಅಡವಿಟ್ಟ ದಿನ ನಮ್ಮ ಕಣ್ಣು ತೆರೆಯಿತು. 1948ರ ಕಾಯಿದೆಯಂತೆ 1952ರಲ್ಲಿ ಆರಂಭವಾದ ಇ.ಎಸ್.ಐ. ಯೋಜನೆಯಲ್ಲಿ, 2019ರಲ್ಲಿ ಗೊತ್ತುಮಾಡಿದ ದರದಂತೆ, ನೌಕರನ ಪಾಲು ಸಂಬಳದ ಶೇಕಡಾ 0.75; ಮಾಲೀಕನದು 3.25. ಮಾಲೀಕ ಮಿತ್ರರು ಈ ಪಾಲನ್ನು ತಪ್ಪದೆ ಕಟ್ಟಲಿ; ನೌಕರ ಬಂಧುಗಳು ತಮ್ಮ ಹೆಸರು ದಾಖಲಾಗಿದೆಯೇ ಎಂದು ಸಂಕೋಚವಿಲ್ಲದೆ ವಿಚಾರಿಸಲಿ. ಜ್ವರ ಬರುವ ಮೊದಲೇ ಔಷಧದ ಹಣವನ್ನು ಎಲ್ಲರೂ ಕೂಡಿ ಹೊಂದಿಸಿಡುವುದೇ ಮೆಹತಾರವರ ಬಾಳಿನಿಂದ ನಾವು ಕಲಿಯಬೇಕಾದ ಪಾಠ.